ಎಡಗೈಗೊಂದು, ಬಲಗೈಗೊಂದು

ತಪ್ಪು ಮಾಡಿದ್ದು ನನ್ನ ಕೈ. ಅದನ್ನು ಪಾಪ ಮಾಡಿದ್ದು ನನ್ನ ಬಾಯಿ. ಕೈಯನ್ನು ನಾನು ಎಂದೋ ಕ್ಷಮಿಸಿಬಿಟ್ಟಿದ್ದೇನೆ, ಅದಕ್ಕೆ ಬುದ್ಧಿ ಇರಲಿಲ್ಲ. ಬಾಯಿಗೆ ಬುದ್ಧಿ ಇತ್ತು. ಬೇಡವಾದಲ್ಲೆಲ್ಲ ವಟವಟ ಅನ್ನುವ ಈ ಬಾಯಿ ಆವತ್ತು ಒಂದೇ ಒಂದು ಮಾತು ಆಡಬೇಕಾಗಿತ್ತು. ಆಡಲಿಲ್ಲ.

ನನ್ನ ತವರು ಸವಣೂರು. ಅಪ್ಪ ಹಯಾತಸಾಬರು ಅಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದರು. ಅತ್ತರಿನ ಜೊತೆಗೆ ಕಣ್ಣಿಗೆ ಹಚ್ಚುವ ಸುರಮಾ, ಟೋಪಿ, ಜಪಮಾಲೆಗಳನ್ನೂ ಮಾರುತ್ತಿದ್ದರು. ಆದರೆ ಜನ ಬರುತ್ತಿದ್ದದ್ದು ಅಪ್ಪನ ಮೂಗನ್ನು ನಂಬಿ. ಶಿಗ್ಗಾಂವ, ಬಂಕಾಪುರದ ಕಡೆಯ ಮದುವೆ ಮನೆಗಳವರು ಅತ್ತರಿಗೆ ನಮ್ಮಲ್ಲಿಗೇ ಬರಬೇಕು. ಬಾಟಲಿ ಮೂಸಿ ಅತ್ತರು ಕೊಳ್ಳುವವರನ್ನು ಕಂಡರೆ ಅಪ್ಪನಿಗೆ ನಗು. ಬಾಟಲಿಯಲ್ಲಿ ಅದು ಹೇಳುವುದು ಒಂದು ಮಾತು, ಮೈಮೇಲೆ ಹೇಳುವುದು ಇನ್ನೊಂದು ಅನ್ನುತ್ತಿದ್ದರು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಮೊದಲನೆಯದನ್ನು ಎಡಗೈ ಮಣಿಕಟ್ಟಿಗೆ, ಎರಡನೆಯದನ್ನು ಬಲಗೈಗೆ ಹಚ್ಚಿ ಒಂದು ತಾಸು ಕಾಯಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಮೈ ನಮಗೆ ಸುಳ್ಳು ಹೇಳುತ್ತದೆಯಾದ್ದರಿಂದ ಇನ್ನೊಬ್ಬರ ಕೈಗೂ ಹಾಗೆಯೇ ಹಚ್ಚಿ ನೋಡಬೇಕು. ನಮ್ಮ ಮನೆಯಲ್ಲಿ ಮಕ್ಕಳು ಅಆಇಈಗಿಂತ ಮೊದಲು ಕಲಿಯುತ್ತಿದ್ದದ್ದು ಇದನ್ನು.

ನನ್ನ ವಿಷಯದಲ್ಲಿ ಆ ಇನ್ನೊಬ್ಬರು ಯಾವಾಗಲೂ ಫರ್ಹತ ಭಾಬಿ. ನನ್ನ ಒಬ್ಬನೇ ಅಣ್ಣ ಬಿಲಾಲನ ಹೆಂಡತಿ. ಭಾಬಿ ಅನ್ನುವುದು ಹೆಸರಿಗೆ, ನನಗಿಂತ ಎರಡೇ ವರ್ಷ ದೊಡ್ಡವಳು. ಹಾನಗಲ್ಲಿನಲ್ಲಿ ಅವಳ ಅಪ್ಪ ಸೈಕಲ್ ಪಂಕ್ಚರ್ ತಿದ್ದುತ್ತಿದ್ದರು. ರಬ್ಬರಿನ ವಾಸನೆಯಲ್ಲಿ ಬೆಳೆದ ಹುಡುಗಿ ಅತ್ತರಿನ ಮನೆಗೆ ಬಂದು ಒಂದೇ ವರ್ಷದಲ್ಲಿ ನಮ್ಮನ್ನೆಲ್ಲ ಮೀರಿಸಿದಳು. ನಾನು ಹುಟ್ಟಿದ್ದೇ ಅತ್ತರಿನಂಗಡಿಯವರ ಮಗಳಾಗಿ, ಆದರೂ ನನಗೆ ಚಂದನದ ಎಣ್ಣೆಗೂ ಅಗ್ಗದ ಎಣ್ಣೆಗೂ ಫರಕು ತಿಳಿಯಲು ತಾಸು ಬೇಕು. ಅವಳಿಗೆ ಬಿರಡೆ ತೆಗೆದರೆ ಸಾಕು. ಅಪ್ಪ ಹೊಸ ಮಾಲು ಬಂದಾಗ ಮಗನನ್ನೂ ಕೇಳುತ್ತಿರಲಿಲ್ಲ, ಮಗಳನ್ನೂ ಕೇಳುತ್ತಿರಲಿಲ್ಲ. ಶೀಶೆಯನ್ನು ಒಳಗೆ ಸೊಸೆಗೆ ಕಳಿಸುತ್ತಿದ್ದರು. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತೇ ಅಂದರೆ, ಆಗುತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದು ಏನಿದೆ.

ಬಿಲಾಲ ಕಾಮಾಲೆಯಾಗಿ ಎಂಟೇ ದಿನದಲ್ಲಿ ಹೋದ. ಮಗಳು ತಸ್ಲೀಮಾಗೆ ಆಗ ನಾಲ್ಕು ವರ್ಷ. ಭಾಬಿ ಇದ್ದತ್ತಿಗೆ ಕೂತಳು. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಬೀಳಬಾರದು, ಬಣ್ಣದ ಸೀರೆ ಉಡಬಾರದು, ಸುರಮಾ ಹಚ್ಚಬಾರದು, ಮೈಗೆ ಸುಗಂಧ ಸೋಕಿಸಬಾರದು. ಅವಳ ಕೋಣೆಯಿಂದ ಅತ್ತರಿನ ಶೀಶೆಗಳನ್ನೆಲ್ಲ ಎತ್ತಿ ಅಟ್ಟದ ಮೇಲೆ ಇಟ್ಟವಳು ನಾನೇ. ಸಂದೂಕದೊಳಗಿನ ಸೀರೆಗಳಿಗೆ ಹಳೆಯ ಅತ್ತರಿನ ವಾಸನೆ ಇದೆಯೆಂದು ಅವನ್ನೂ ಎತ್ತಿಟ್ಟೆ. ನನಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಆ ದುಃಖದೊಳಗೂ ಅಪ್ಪ ಒಂದು ಮಾತು ಹೇಳಿದ್ದರು. ಇದ್ದತ್ತು ಮುಗಿದ ಮೇಲೆ ಅಂಗಡಿಗೆ ನಡುವೆ ಪರದೆ ಹಾಕಿ ಹೆಂಗಸರಿಗೆ ಬೇರೆ ಭಾಗ ಮಾಡುವುದು, ಅಲ್ಲಿ ಫರ್ಹತ ಕೂರುವುದು, ತಾವು ಕಣ್ಣುಮುಚ್ಚಿದ ಮೇಲೆ ಅಂಗಡಿ ಅವಳದೂ ತಸ್ಲೀಮಾಳದೂ. ಬೇಡ ಅಂದವಳು ನನ್ನ ಫುಫಿ ಹಾಜರಾಬಿ, ಅಪ್ಪನ ಅಕ್ಕ. ಅವ್ವ ಇಲ್ಲದ ಮನೆಯಲ್ಲಿ ಯಜಮಾನಿಕೆ ಅವಳದೇ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣತಮ್ಮಂದಿರ ಅಡುಗೆಮನೆಯಲ್ಲಿ ನಲವತ್ತು ವರ್ಷ ಸವೆಸಿದವಳು. ತನಗೆ ಸಿಗದೇ ಹೋದದ್ದು ಇನ್ನೊಬ್ಬಳಿಗೆ ಸಿಕ್ಕರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಆದರೆ ಅಪ್ಪ ಅವಳ ಮಾತಿಗೆ ಸೊಪ್ಪು ಹಾಕಲಿಲ್ಲ. ಗಂಡನಿಲ್ಲದ ಮನೆಯಲ್ಲಿ ಭಾಬಿಗೆ ಉಳಿದಿದ್ದ ಆಸರೆ ಅಂದರೆ ಅಪ್ಪನ ಆ ಒಂದು ಮಾತು.

ಅದೇ ದಿನಗಳಲ್ಲಿ ನನಗೆ ಶಿಗ್ಗಾಂವದಿಂದ ಸಂಬಂಧ ಬಂತು. ಹುಡುಗ ಇಜಾಜ, ಬಸ್ ಸ್ಟ್ಯಾಂಡಿನ ಎದುರಿಗೇ ಬಳೆ, ಬಟ್ಟೆಯ ಅಂಗಡಿ. ತಾಯಿ ಚಾಂದಬಿ ಹಿರೇಕೆರೂರಿನ ಸಂತೆಯಲ್ಲಿ ಹೂವು ಮಾರುತ್ತಿದ್ದವರ ಮಗಳು. ಮಾತು ಕಡಿಮೆ, ನೋಟ ಜಾಸ್ತಿ. ನನಗೆ ಆಗಲೇ ಇಪ್ಪತ್ತಾರು. ಮೂರು ಸಂಬಂಧ ಬಂದು ತಪ್ಪಿದ್ದವು. ಇಜಾಜನನ್ನು ನಾನು ಒಮ್ಮೆ ನೋಡಿದ್ದೆ, ಮನಸ್ಸು ಅಲ್ಲೇ ಬಿಟ್ಟು ಬಂದಿದ್ದೆ. ಚಾಂದಬಿ ಇನ್ನೂ ಹೂಂ ಅಂದಿರಲಿಲ್ಲ. ನಾನು ಮಾತ್ರ ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಯಲು ಕೂತಿದ್ದೆ.

ಕುಲಾಯಿ ಅಂದರೆ ಅತ್ತರು. ನಮ್ಮ ಮನೆತನದಲ್ಲಿ ಮಗಳ ನಿಕಾಹಕ್ಕೆ ಬಂದವರ ಕೈಗೆ ಹಚ್ಚುವ ಅತ್ತರನ್ನು ಮದುವೆಯ ಹುಡುಗಿಯೇ ಆರಿಸಬೇಕು, ಅದು ಗುಲಾಬಿಯದೇ ಆಗಬೇಕು. ಆ ವಾರ ಉತ್ತರದ ವ್ಯಾಪಾರಿ ಎರಡು ಗುಲಾಬಿ ಅತ್ತರಿನ ನಮೂನೆ ಕೊಟ್ಟುಹೋಗಿದ್ದ. ಅಪ್ಪ ಎರಡೂ ಶೀಶೆಗಳನ್ನು ನನ್ನ ಕೈಗಿಟ್ಟು, ಸಂಬಂಧ ಕೂಡಿಬರಲಿ ಬಿಡಲಿ, ಒಂದನ್ನು ಆರಿಸಿ ಇಡು ಅಂದಿದ್ದರು. ನಿಕಾಹ ಆದರೂ ಇದ್ದತ್ತು ಮುಗಿದ ಮೇಲೆಯೇ. ಅವಸರ ಏನೂ ಇರಲಿಲ್ಲ. ಅವಸರ ನನ್ನದು.

ಮೊದಲನೆಯದು ಬಿರಡೆ ತೆಗೆದ ಕೂಡಲೇ ಎದ್ದು ಬರುವ ಗುಲಾಬಿ, ಶರಬತ್ತಿನ ಹಾಗೆ ಸಿಹಿ. ಎರಡನೆಯದು ಮೊದಲು ಏನೂ ಅನ್ನುವುದಿಲ್ಲ, ಒದ್ದೆ ಮಣ್ಣಿನಂತೆ ಸುಮ್ಮನೆ ಕೂತಿರುತ್ತದೆ, ಆಮೇಲೆ ನಿಧಾನವಾಗಿ ಹೂವಾಗುತ್ತದೆ. ಎಡಗೈಗೆ ಒಂದು, ಬಲಗೈಗೆ ಒಂದು ಹಚ್ಚಿಕೊಂಡೆ. ತಾಸು ಕಳೆಯಿತು. ಎಡಗೈ ಮೂಸಿದರೆ ಇದೇ ಸರಿ ಅನಿಸುತ್ತದೆ, ಬಲಗೈ ಮೂಸಿದರೆ ಅದೇ ಸರಿ. ಇಜಾಜ ಯಾವುದನ್ನು ಇಷ್ಟಪಟ್ಟಾನು, ಅವರ ಕಡೆಯ ಗಂಡಸರು ಯಾವುದಕ್ಕೆ ತಲೆದೂಗಿಯಾರು ಎಂದು ಯೋಚಿಸಿ ಯೋಚಿಸಿ ಮೂಗೇ ಮಂಕಾಯಿತು. ಯಾವಾಗಲೂ ಓಡುತ್ತಿದ್ದ ಕಡೆಗೇ ಓಡಿದೆ.

ಭಾಬಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಸ್ಲೀಮಾ ತೊಡೆಯ ಮೇಲೆ ನಿದ್ದೆ ಹೋಗಿತ್ತು. ರಾತ್ರಿಯೆಲ್ಲ ಮಗುವಿಗೆ ಜ್ವರ ಇದ್ದದ್ದರಿಂದ ಭಾಬಿಯ ಕಣ್ಣುಗಳೂ ಮುಚ್ಚಿದ್ದವು. ಎರಡು ಕೈಗಳೂ ನೆಲದ ಮೇಲೆ ಅಂಗಾತ ಬಿದ್ದಿದ್ದವು. ನಾನು ಎದುರು ಕೂತು, ಭಾಬಿ, ಎರಡರೊಳಗ ಒಂದು ಹೇಳ್ರಿ ಅನ್ನುತ್ತಲೇ ಎಡ ಮಣಿಕಟ್ಟಿಗೆ ಮೊದಲನೆಯದನ್ನು ಎಳೆದೆ, ಬಲಕ್ಕೆ ಎರಡನೆಯದನ್ನು ಎಳೆದೆ. ಐದು ವರ್ಷ ಮಾಡಿದ ಕೆಲಸ. ಕೈ ತಾನಾಗಿ ಮಾಡಿತು.

ಅವಳು ಕಣ್ಣು ತೆರೆದಳು. ತನ್ನ ಕೈ ನೋಡಿಕೊಂಡಳು, ನನ್ನನ್ನು ನೋಡಿದಳು. ಬಯ್ಯಲಿಲ್ಲ. ಸುಮೇರಾ ಅಂತ ನನ್ನ ಹೆಸರನ್ನಷ್ಟೇ ಅಂದಳು. ಇದ್ದತ್ತಿನ ನೆನಪು ನನಗೆ ಆಗ ಬಂತು.

ಬಚ್ಚಲಿಗೆ ಓಡಿದೆವು. ಸಾಬೂನು ಹಾಕಿದೆವು, ಕಡಲೆಹಿಟ್ಟು ಹಾಕಿದೆವು, ಲಿಂಬೆಯ ಹೋಳಿನಿಂದ ತಿಕ್ಕಿದೆವು. ನಮ್ಮ ಅಂಗಡಿಯ ಮಾಲು, ಅಷ್ಟು ಸುಲಭಕ್ಕೆ ಹೋದೀತೇ. ತಿಕ್ಕಿದಷ್ಟೂ ಬಿಸಿಯಾಗಿ ಇನ್ನೂ ಅರಳಿತು. ಅವಳ ಮಣಿಕಟ್ಟು ಕೆಂಪಾಗಿ ಚರ್ಮ ಏಳುವ ಹಾಗಾಯಿತು. ಭಾಬಿಯೇ ನನಗೆ ಸಮಾಧಾನ ಹೇಳಿದಳು. ಗೊತ್ತಿಲ್ಲದೆ ಆದದ್ದಕ್ಕೆ ಅಲ್ಲಾ ಹಿಡಿಯುವುದಿಲ್ಲ, ಸಂಜೆತನಕ ಕೋಣೆಯಿಂದ ಹೊರಗೆ ಬರುವುದಿಲ್ಲ, ಫುಫಿಗೆ ಜ್ವರದ ಕೂಸು ಮಲಗಿದೆ ಅಂತ ಹೇಳು ಅಂದಳು. ಅಲ್ಲಿಗೆ ಮುಗಿಯಬಹುದಾಗಿದ್ದ ಮಾತು.

ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಚಾಂದಬಿ ಹೇಳದೆ ಕೇಳದೆ ಬಂದಿದ್ದರು. ಹುಡುಗಿಯ ಮನೆಯನ್ನು ತಯಾರಿಲ್ಲದಾಗ ನೋಡಬೇಕು ಅನ್ನುವುದು ಅವರ ಲೆಕ್ಕ.

ಹಾಜರಾಬಿ ಚಾಪೆ ಹಾಸಿದಳು. ನಾನು ಚಹಾ, ಖಾರದ ತಾಟು ತಂದಿಟ್ಟೆ. ಚಾಂದಬಿ ನನ್ನ ಎರಡೂ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು, ಕೈಯನ್ನು ಮೂಗಿನ ತನಕ ತಂದು ಮುತ್ತಿಟ್ಟರು. ನನ್ನ ಮೈಯಿಂದ ಗುಲಾಬಿ ಬಂದರೆ ಯಾರೂ ಹುಬ್ಬೇರಿಸುವಂತಿಲ್ಲ, ಅತ್ತರಿನವರ ಮಗಳು. ಆಮೇಲೆ ಅವರು ಎದ್ದರು. ಮನೆಯಲ್ಲಿ ಇದ್ದತ್ತಿನ ಹೆಣ್ಣುಮಗಳಿದ್ದಾಳೆ, ಕಂಡು ನಾಲ್ಕು ಮಾತಾಡದೆ ಹೋಗುವುದು ರೀತಿಯಲ್ಲ ಅಂದರು. ಕೂಸಿಗೆ ಜ್ವರ ಅಂದೆ. ಹಾಗಾದರೆ ನೋಡಲೇಬೇಕು ಎಂದು ನಡೆದೇಬಿಟ್ಟರು. ಭಾಬಿಯ ಎದುರು ಕೂತು, ಸಮಾಧಾನ ಹೇಳುವವರು ಮಾಡುವ ಹಾಗೆ ಅವಳ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ನಾನು ಬಾಗಿಲ ಹೊರಗೆ ನಿಂತಿದ್ದೆ.

ಹೊರಗೆ ಬಂದು ಕೂತು ಚಹಾ ಕುಡಿದರು. ಕುಡಿಯುತ್ತ, ಒಳಗೂ ಗುಲಾಬಿ ವಾಸನೆ ಚೆನ್ನಾಗಿದೆ ಎಂದು ಹಾಜರಾಬಿಗೆ ಹೇಳಿದರು. ಅಷ್ಟೇ. ಮುಖದಲ್ಲಿ ಸಿಟ್ಟಿಲ್ಲ, ನಗುವೂ ಇಲ್ಲ.

ಹಾಜರಾಬಿ ಎದ್ದು ಒಳಗೆ ಹೋದಳು. ನಾನು ಅವಳ ಹಿಂದೆ ಹೋದೆ. ಅವಳು ಭಾಬಿಯ ಮುಂಗೈ ಎತ್ತಿ ಮೂಸಿ ಕೈಬಿಟ್ಟಳು, ಬೆಂಕಿ ಮುಟ್ಟಿದವರ ಹಾಗೆ. ಚಾಂದಬಿಗೆ ಕೇಳಲೆಂದೇ ದನಿ ಎತ್ತರಿಸಿದಳು.

"ಗಂಡನ ಮಣ್ಣು ಇನ್ನೂ ಆರಿಲ್ಲ. ಯಾರ ಹಚ್ಚಿದ್ರು ಇದನ್ನ?"

ಭಾಬಿ ನನ್ನ ಕಡೆ ನೋಡಿದಳು. ಅದು ದೂರುವ ನೋಟ ಆಗಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು, ಸಿಟ್ಟಿನಲ್ಲಿ ಬಾಯಿ ಬರುತ್ತಿತ್ತು. ಅವಳು ಸುಮ್ಮನೆ ದಾರಿ ಬಿಟ್ಟುಕೊಟ್ಟವಳ ಹಾಗೆ ನೋಡಿದಳು. 'ನಾನು' ಅನ್ನುವ ಎರಡಕ್ಷರ ಸಾಕಿತ್ತು. ಮೂರು ಹೆಜ್ಜೆ ಆಚೆಗೆ ಚಾಂದಬಿ ಕೂತಿದ್ದಾರೆ. ತೀರಿಹೋದ ಅಣ್ಣನ ಇದ್ದತ್ತಿನ ಹೆಂಡತಿಗೆ ತನ್ನ ಮದುವೆಯ ಅತ್ತರು ಹಚ್ಚಿದ ಹುಡುಗಿ, ಇನ್ನೂ ಕೂಡದ ಸಂಬಂಧಕ್ಕೆ ಅತ್ತರು ಆರಿಸಲು ಕೂತ ಹುಡುಗಿ ಎಂದು ಅವರು ಎದ್ದು ಹೋಗುತ್ತಾರೆ. ಇಜಾಜ ಹೋಗುತ್ತಾನೆ. ನಾನೂ ಹಾಜರಾಬಿಯ ಹಾಗೆ ಈ ಅಡುಗೆಮನೆಯಲ್ಲೇ ಮುದುಕಿಯಾಗುತ್ತೇನೆ. ಇಷ್ಟೂ ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿತು. ಗಾಬರಿಯಲ್ಲಿ ಬಾಯಿ ಕಟ್ಟಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಎಲ್ಲ ತೂಗಿ ನೋಡಿಯೇ ನಾನು ನೆಲ ನೋಡಿದೆ.

"ನಾನ ಹಚ್ಕೊಂಡೇನಿ," ಅಂದಳು ಭಾಬಿ.

ಮುಂದಿನದ್ದು ಬೇಗ ಆಯಿತು. ಅಪ್ಪ ಸಂಜೆ ಬಂದಾಗ ಹಾಜರಾಬಿ ಒಂದಕ್ಕೆ ನಾಲ್ಕು ಸೇರಿಸಿ ಹೇಳಿದಳು. ಅಪ್ಪ ಸೊಸೆಯ ಕೋಣೆಗೆ ಕಾಲಿಡುವವರಲ್ಲ. ಬಂದಿದ್ದರೆ, ಅವಳ ಕೈ ಹತ್ತಿರಕ್ಕೆ ಬಂದಿದ್ದರೆ, ಆ ಮೂಗಿಗೆ ಎಲ್ಲ ತಿಳಿಯುತ್ತಿತ್ತು. ಹೊರಗೇ ಕೂತು ತಲೆ ಬಗ್ಗಿಸಿಕೊಂಡು ಕೇಳಿದರು. ಅತ್ತರು ಮಾರುವವರ ಮನೆಯಲ್ಲೇ ಹೀಗಾದರೆ ನಾಳೆ ಯಾವ ಮುಖ ಇಟ್ಟುಕೊಂಡು ಅಂಗಡಿ ತೆಗೆಯಲಿ ಅಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುವ ಸದ್ದು ಜೋರು ಮಾಡಿದೆ. ಪರದೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಇದ್ದತ್ತು ಮುಗಿದ ಮರುದಿನವೇ ಹಾನಗಲ್ಲಿನಿಂದ ಅವಳ ಅಣ್ಣ ಬಂದು ತಾಯಿಮಗಳನ್ನು ಕರೆದುಕೊಂಡು ಹೋದ. ಅವಳು ಹೊರಡುವಾಗ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಣಗಿದ ಬಟ್ಟೆಯನ್ನೇ ತೆಗೆದು ಮತ್ತೆ ಹಾಕುತ್ತಿದ್ದೆ.

ಚಾಂದಬಿ ಮಾತ್ರ ಮೂರನೆಯ ದಿನವೇ ಹೂಂ ಅಂತ ಹೇಳಿ ಕಳಿಸಿದ್ದರು. ಇಂಥ ಮಾತು ನಡೆದ ಮನೆಯಿಂದ ಹುಡುಗಿ ತರುತ್ತಾರಲ್ಲ, ಎಂಥ ದೊಡ್ಡ ಮನಸ್ಸು ಎಂದು ನಮ್ಮವರೆಲ್ಲ ಹೊಗಳಿದರು. ನಿಕಾಹದಲ್ಲಿ ಅಪ್ಪನೇ ಬಂದವರ ಕೈಗೆ ಗುಲಾಬಿ ಹಚ್ಚುತ್ತ ನಿಂತರು. ಯಾವುದನ್ನು ಆರಿಸಿದೆ ಎಂದು ಕೇಳಬೇಡಿ. ಕಣ್ಣು ಮುಚ್ಚಿ ಒಂದನ್ನು ಎತ್ತಿ ಕೊಟ್ಟಿದ್ದೆ.

ಅಪ್ಪ ಎರಡು ವರ್ಷ ಒಬ್ಬರೇ ಅಂಗಡಿ ನಡೆಸಿದರು, ಮೂರನೆಯ ವರ್ಷ ತೀರಿಕೊಂಡರು. ಸೊಸೆ ಮನೆತನದ ಹೆಸರು ಕೆಡಿಸಿದಳು ಅನ್ನುವ ಮಾತನ್ನು ನಂಬಿಕೊಂಡೇ ಹೋದರು. ಈಗ ಆ ಅಂಗಡಿಯಲ್ಲಿ ಯಾರೋ ಮೊಬೈಲ್ ರಿಪೇರಿ ಇಟ್ಟಿದ್ದಾರೆ.

ಹೋದ ಶಾಬಾನ್ ತಿಂಗಳಲ್ಲಿ ನನ್ನ ಗಂಡನಿಗೆ ಒಂದು ಯೋಚನೆ ಬಂತು. ಸವಣೂರಿನ ಅಂಗಡಿ ಮುಚ್ಚಿದ ಮೇಲೆ ಈ ಕಡೆ ಒಳ್ಳೆಯ ಅತ್ತರು ಸಿಗುವುದೇ ಇಲ್ಲ, ರಮಜಾನಿಗೆ ಮೊದಲು ನಮ್ಮ ಅಂಗಡಿಯಲ್ಲೇ ಹೆಂಗಸರಿಗೆಂದು ಒಂದು ಅತ್ತರಿನ ಕೌಂಟರ್ ಮಾಡೋಣ, ತಿಳಿದ ಹೆಂಗಸೊಬ್ಬಳು ಬೇಕು ಅಂದರು. ನನ್ನ ಬಾಯಿಂದ ಫರ್ಹತ ಭಾಬಿಯ ಹೆಸರು ಬಂದುಬಿಟ್ಟಿತು. ಇಜಾಜ ಕೆಟ್ಟವರಲ್ಲ. ಅವಳ ಕೈಗುಣ ಗೊತ್ತು, ಆದರೆ ಇದ್ದತ್ತಿನಲ್ಲಿ ಅತ್ತರು ಹಚ್ಚಿಕೊಂಡವಳು ಅನ್ನುವುದನ್ನು ನಮ್ಮ ಹೆಂಗಸರು ಮರೆತಿಲ್ಲ, ಅವಳ ಕೈಯಿಂದ ಕೊಳ್ಳುತ್ತಾರಾ ಅಂದರು. ಅದೊಂದು ಮಾತು ಇಲ್ಲದಿದ್ದರೆ ನಾಳೆಯೇ ಕರೆಸುತ್ತಿದ್ದೆ ಅಂತಲೂ ಅಂದರು.

ಅಲ್ಲೇ ಹೇಳಬಹುದಾಗಿತ್ತು. ನಾನು ಏನು ಮಾಡಿದೆ ಗೊತ್ತೇ, ಮೊದಲು ಭಾಬಿಯ ಹತ್ತಿರ ಮಾಫಿ ತರೋಣ ಅಂದುಕೊಂಡೆ. ಹೇಡಿಗಳಿಗೆ ಯಾವಾಗಲೂ ಮೊದಲು ಮಾಡಬೇಕಾದ ಇನ್ನೊಂದು ಕೆಲಸ ಇದ್ದೇ ಇರುತ್ತದೆ. ಮರುದಿನ ಬೆಳಿಗ್ಗೆ ಬಂಕಾಪುರದಲ್ಲಿ ಬಸ್ಸು ಬದಲಿಸಿ ಹಾನಗಲ್ಲಿಗೆ ಹೋದೆ.

ಅಣ್ಣನ ಮನೆಯ ಹಿಂದಿನ ಒಂದು ಖೋಲಿಯಲ್ಲಿ ಭಾಬಿ ಇದ್ದಾಳೆ. ಫಿನಾಯಿಲ್ ತಯಾರಿಸುವ ಕಡೆ ಬಾಟಲಿ ತುಂಬುವ ಕೆಲಸ. ಹತ್ತಿರ ಕೂತರೆ ಅವಳ ಸೆರಗಿನಿಂದ, ಕೂದಲಿನಿಂದ ಅದೇ ಘಾಟು. ಮನೆಗೆ ಬಂದ ಮೇಲೂ ಎರಡು ತಾಸು ತನಗೆ ಬೇರೆ ಯಾವ ವಾಸನೆಯೂ ಹತ್ತುವುದಿಲ್ಲ, ಸಾರು ಹಳಸಿದ್ದರೂ ತಸ್ಲೀಮಾನೇ ಹೇಳಬೇಕು ಎಂದು ನಗುತ್ತ ಹೇಳಿದಳು. ಬಿರಡೆ ತೆಗೆದರೆ ಸಾಕಿತ್ತಲ್ಲ ಈ ಮೂಗಿಗೆ, ಎಂದು ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ. ಅಪ್ಪನನ್ನು ನೆನೆದು ಅಳುತ್ತಿದ್ದೇನೆ ಎಂದು ಅವಳು ತಿಳಿದಳೋ ಏನೋ, ಬೆನ್ನು ಸವರಿದಳು. ಆಗ ಹೇಳಿದೆ. ಆವತ್ತು ನಾನು ಬಾಯಿ ಬಿಡಬೇಕಾಗಿತ್ತು, ಮಾಫಿ ಮಾಡಿರಿ ಅಂದೆ. ಇಜಾಜರ ಕೌಂಟರಿನ ವಿಷಯವನ್ನೂ ಹೇಳಿದೆ. ಅವಳ ಕೈ ನನ್ನ ಬೆನ್ನ ಮೇಲಿಂದ ಹೋಯಿತು.

"ಇಜಾಜಗ ಹೇಳಿ ಬಂದೀ?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಮತ್ತ ನನಗ್ಯಾಕ ಹೇಳಾಕ ಬಂದೀ? ಅವತ್ತ ಆ ಖೋಲ್ಯಾಗ ನಾನೂ ಇದ್ದೆ. ಗೊತ್ತಿಲ್ಲದವ್ರಿಗೆ ಹೇಳು."

ಯಾಕೆ ನಿಮ್ಮ ಮೈಮೇಲೆ ಹಾಕಿಕೊಂಡಿರಿ ಎಂದು ಕೇಳಿದೆ. ಇಷ್ಟು ವರ್ಷ ಅದೊಂದು ಪ್ರಶ್ನೆ ನನ್ನನ್ನು ತಿಂದಿತ್ತು. ತಸ್ಲೀಮಾ ಶಾಲೆಯ ಚೀಲ ಹಾಕಿಕೊಂಡು ಒಳಗೆ ಬಂದಿತು, ಬಿಲಾಲನ ಹಣೆ, ಬಿಲಾಲನ ಕಿವಿ. ನನ್ನನ್ನು ಗುರುತು ಹಿಡಿಯಲಿಲ್ಲ. ಅದನ್ನು ನೀರು ತರಲು ಹೊರಗೆ ಕಳಿಸಿ ಭಾಬಿ ಹೇಳಿದಳು.

"ನಿನ್ನ ಸಂಬಂಧ ತಪ್ಪಬಾರದು ಅಂತ ಆ ಒಂದು ದಿನದ ಮಟ್ಟಿಗೆ ಹೊತ್ತೆ ಸುಮೇರಾ. ಅವರು ಎದ್ದು ಹೋದ ಮ್ಯಾಲೆ ಮಾವಗ ನೀ ಹೇಳ್ತಿ ಅಂತ ಮಾಡಿದ್ದೆ. ನಿಕಾಹ ಆದ ಮ್ಯಾಲಾದ್ರೂ ಹೇಳ್ತಿ ಅಂತ ಮಾಡಿದ್ದೆ. ಇಳಸಾಕ ಯಾರೂ ಬರಲಿಲ್ಲ."

ಊಟ ಮಾಡಿಸಿಯೇ ಕಳಿಸಿದಳು. ಮಾಫಿಯ ಮಾತು ಆಡಲಿಲ್ಲ. ಕೌಂಟರಿಗೆ ಬರುತ್ತೀರಾ ಎಂದು ಹೊಸ್ತಿಲಲ್ಲಿ ನಿಂತು ಕೇಳಿದೆ. ಕರೆದರೆ ಬರುತ್ತೇನೆ, ನಾಚಿಕೆ ಬಿಟ್ಟು ಬರುತ್ತೇನೆ, ಹುಡುಗಿಯನ್ನು ಓದಿಸಬೇಕು ಅಂದಳು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮಾತು ಜೋಡಿಸಿಕೊಂಡೆ. ಇಜಾಜರಿಗೆ ಇವತ್ತೇ ಹೇಳುವುದು. ಬಯ್ಯಲಿ, ಹೊಡೆಯಲಿ, ತವರಿಗೆ ಕಳಿಸಲಿ. ತವರೇ ಇಲ್ಲ ಅನ್ನುವುದು ಆಮೇಲೆ ನೆನಪಾಯಿತು. ಆದರೂ ಎಷ್ಟೋ ವರ್ಷದ ಮೇಲೆ ಉಸಿರು ಹೊಟ್ಟೆಯ ತನಕ ಹೋಗುತ್ತಿತ್ತು.

ಮನೆಗೆ ಬಂದಾಗ ಇಜಾಜ ಇನ್ನೂ ಅಂಗಡಿಯಲ್ಲಿದ್ದರು. ಚಾಂದಬಿ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ನನ್ನ ಮುಖ ನೋಡಿ ಏನಾಯಿತು ಅಂದರು. ಜೋಡಿಸಿಕೊಂಡ ಮಾತು ಗಂಡನಿಗೆಂದು ಇಟ್ಟದ್ದು, ಅತ್ತೆಯ ಮುಂದೆಯೇ ಚೆಲ್ಲಿಹೋಯಿತು. ಆವತ್ತು ಭಾಬಿಗೆ ಅತ್ತರು ಹಚ್ಚಿದವಳು ನಾನು, ಅವಳದು ಏನೂ ತಪ್ಪಿಲ್ಲ, ನಿಮ್ಮ ಮಗನಿಗೆ ಇವತ್ತು ಹೇಳುತ್ತೇನೆ ಅಂದೆ. ಹೇಳಿ, ಕಣ್ಣು ಮುಚ್ಚಿಕೊಂಡು ನಿಂತೆ.

ಕಣ್ಣು ಬಿಟ್ಟು ನೋಡಿದರೆ ಅವರು ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದರು.

"ನಾ ಹೂವಿನವ್ರ ಮಗಳವ್ವಾ," ಅಂದರು. "ನಿನ್ನ ಎಡಗೈಗೆ ಒಂದು ಗುಲಾಬಿ, ಬಲಗೈಗೆ ಇನ್ನೊಂದು. ಆಕಿ ಎಡಗೈಗೆ ನಿನ್ನ ಎಡಗೈದ ಗುಲಾಬಿ, ಬಲಗೈಗೆ ನಿನ್ನ ಬಲಗೈದ. ಶೋಕಿಗೆ ಹಚ್ಕೊಳ್ಳಾಕಿ ಒಂದೊಂದು ಕೈಗೆ ಒಂದೊಂದು ಯಾಕ ಹಚ್ಕೊತಾಳ?"

ನಾನು ಅಲ್ಲೇ ಕೂತೆ. ಹಾಗಾದರೆ ಅವತ್ತೇ ಗೊತ್ತಿತ್ತಾ ಎಂದು ಕೇಳಿದೆ. ಕೋಣೆಯಿಂದ ಹೊರಗೆ ಬರುವ ಮೊದಲೇ ಗೊತ್ತಿತ್ತು ಅಂದರು. ಮತ್ತೆ ಹಾಜರಾಬಿಯ ಮುಂದೆ ಯಾಕೆ ಆಡಿ ತೋರಿಸಿದಿರಿ ಅಂದೆ.

"ನೀ ಏನ ಮಾಡ್ತಿ ನೋಡೂನು ಅಂತ. ಬಾಯಿ ಬಿಟ್ಟಿದ್ರ ಒಳ್ಳೆ ಹುಡುಗಿ ಅಂತ ಹೇಳಿ ಎದ್ದು ಬರತಿದ್ದೆ. ಸೊಸಿ ಮಾಡ್ಕೊತಿದ್ದಿಲ್ಲ. ನನಗ ಮನೀದು ಮನ್ಯಾಗ ಇಟಗೊಳ್ಳಾಕಿ ಬೇಕಾಗಿದ್ಲು."

ಹೊಗಳಿಕೆಯ ದನಿಯಲ್ಲೇ ಹೇಳಿದರು. ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು, ಬೆಳ್ಳುಳ್ಳಿಯ ಕೈ. ಇಜಾಜನಿಗೆ ಹೇಳಿದರೆ ಅವನು ಮೊದಲು ಕೇಳುವುದು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ, ಅದಕ್ಕೆ ನಿನ್ನ ಹತ್ತಿರ ಉತ್ತರ ಇದೆಯಾ ಅಂದರು. ಇಷ್ಟು ವರ್ಷ ನನ್ನ ಸುಳ್ಳು ಸಿಕ್ಕಿಬಿದ್ದರೆ ಈ ಮನೆ ತಪ್ಪುತ್ತದೆ ಎಂದು ಹೆದರಿಕೊಂಡು ಬದುಕಿದ್ದೆ. ಈ ಮನೆ ನನಗೆ ಸಿಕ್ಕಿದ್ದೇ ಆ ಸುಳ್ಳಿಗೆ. ನನ್ನ ಮೈಮೇಲಿನ ಬಟ್ಟೆ, ನಾನು ಕೂತ ನೆಲ, ರಾತ್ರಿ ಪಕ್ಕದಲ್ಲಿ ಮಲಗುವ ಗಂಡ, ಯಾವುದನ್ನು ಮುಟ್ಟಿದರೂ ಅದು ಭಾಬಿಯಿಂದ ಕಿತ್ತುಕೊಂಡದ್ದು ಅನಿಸಿತು.

ಇಜಾಜ ಊಟಕ್ಕೆ ಬಂದರು. ಕೈ ತೊಳೆದು ಕೂತರು. ನಾನು ತಾಟು ಇಟ್ಟೆ, ರೊಟ್ಟಿ ಹಾಕಿದೆ. ಹಾನಗಲ್ಲಿನಲ್ಲಿ ಎಲ್ಲ ಆರಾಮವಾ ಎಂದು ಕೇಳಿದರು, ಆರಾಮ ಅಂದೆ. ರಮಜಾನ್ ಹತ್ತಿರ ಬಂತು, ಕೌಂಟರಿಗೆ ಯಾರಾದರೂ ನೆನಪಾದರಾ ಅಂದರು. ಈಗ ಹೇಳಬೇಕು. ನಾಲಿಗೆಯ ತುದಿಗೆ ಬಂದಿತ್ತು, ನಾನು ಅನ್ನುವ ಮೊದಲ ಎರಡಕ್ಷರ ಬಂದೇ ಬಂದಿತ್ತು.

"ನಾನು..." ಅಂದೆ.

ಚಾಂದಬಿ ಸಾರು ಬಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಹೂಂ, ಆಕೀನ ಕುಂದರ್ತಾಳಂತ," ಅಂದರು. "ಹಯಾತಸಾಬರ ಮಗಳು ಮನ್ಯಾಗ ಇರೂಮುಂದ ಮಂದೀನ ಯಾಕ ಹುಡುಕ್ತಿ?"

ಇಜಾಜರ ಮುಖ ಅರಳಿತು. ಇದು ನನಗೆ ಹೊಳೆಯಲೇ ಇಲ್ಲ ನೋಡು ಅಂದರು. ಪರದೆ ಯಾವ ಬಣ್ಣದ್ದು ಹಾಕಿಸಲಿ, ಬೋರ್ಡಿನ ಮೇಲೆ ಅಪ್ಪನ ಹೆಸರು ಬರೆಸೋಣವೇ ಎಂದು ಕೇಳಿದರು. ತಾಯಿಮಗ ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

ಇನ್ನೊಂದು ರೊಟ್ಟಿ ಹಾಕಲೇನ್ರಿ ಎಂದು ಕೇಳಿದೆ. ಹಾಕು ಅಂದರು. ಹಾಕಿದೆ.